ಸೊನ್ನೆ ಹಿಡಿದ ದಿನ

ನಮ್ಮ ಅತ್ತಿಗೆ ಗಾಳಿ ಅಳೆಯುತ್ತಾಳೆ. ಹೀಗೆ ಹೇಳಿದರೆ ಜನ ನಗುತ್ತಾರೆ, ನಗಲಿ. ಬಟ್ಟೆ ಅಳೆಯುವವಳು ನಾನು, ಗಾಳಿ ಅಳೆಯುವವಳು ಅವಳು, ಇಬ್ಬರ ನಡುವೆ ಸಿಕ್ಕಿಕೊಂಡವನು ತಾನು ಎಂದು ಅಣ್ಣ ತಮಾಷೆ ಮಾಡುತ್ತಿದ್ದ. ಅತ್ತಿಗೆ ವಯಸ್ಸಿನಲ್ಲಿ ನನಗಿಂತ ಎರಡು ತಿಂಗಳು ಚಿಕ್ಕವಳು, ಸಂಬಂಧದಲ್ಲಿ ದೊಡ್ಡವಳು. ಅದಕ್ಕೇ ನಮ್ಮಿಬ್ಬರ ನಡುವೆ ಏಕವಚನವೂ ನಡೆಯುತ್ತದೆ, ಜಗಳವೂ ನಡೆಯುತ್ತದೆ. ಗಂಡನ ಮನೆಯ ಋಣ ಮೂರೇ ವರ್ಷಕ್ಕೆ ಹರಿದು ನಾನು ಹೊಲಿಗೆ ಮೆಷಿನ್ ಹೊತ್ತುಕೊಂಡು ಅಣ್ಣನ ಮನೆಗೆ ಬಂದಾಗ, ಎಷ್ಟು ದಿನ ಇರುತ್ತೀಯ ಎಂದು ಅವಳು ಕೇಳಲಿಲ್ಲ. ನಡುಮನೆಯ ಮೂಲೆಯಲ್ಲಿದ್ದ ಮೇಜು ಸರಿಸಿ ಮೆಷಿನ್ನಿಗೆ ಜಾಗ ಮಾಡಿದಳು. ಹಾಗಾಗಿ ನಾನು ಏನೇ ಹೇಳಿದರೂ ಅದರಲ್ಲಿ ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಆಗ ನಾವಿದ್ದದ್ದು ಬಣ್ಣದ ಕಾರ್ಖಾನೆಯ ಕಾಲನಿಯಲ್ಲಿ. ಅರವತ್ತು ಮನೆ, ಎಲ್ಲ ಒಂದೇ ಅಚ್ಚು. ಕುಡಿದು ಬಂದವರು ಪಕ್ಕದ ಮನೆಗೆ ನುಗ್ಗಿದರೆ ಅವರ ತಪ್ಪೇನಿಲ್ಲ ಅನ್ನುವಷ್ಟು ಒಂದೇ ಅಚ್ಚು. ಹಿತ್ತಲಿಗೆ ಅಂಟಿಕೊಂಡೇ ಕಾರ್ಖಾನೆಯ ಕಾಂಪೌಂಡು, ಅದರಾಚೆ ಥಿನ್ನರ್ ತುಂಬಿದ ಆರು ದೊಡ್ಡ ಟ್ಯಾಂಕು. ಆ ಟ್ಯಾಂಕುಗಳನ್ನು ತೊಳೆಯುವ ನಾಲ್ವರಲ್ಲಿ ಹಿರಿಯವನು ನಮ್ಮಣ್ಣ. ಮನೆ ಸಿಕ್ಕಿದ್ದೂ ಅವನ ಕೆಲಸದಿಂದಲೇ. ಅತ್ತಿಗೆ ಮಾತ್ರ ಕಾರ್ಖಾನೆಯವಳಲ್ಲ, ಗಾಳಿ ನೀರು ನೋಡಿಕೊಳ್ಳುವ ಇಲಾಖೆಯವಳು. ಗಂಡ ಹೊಲಸು ಮಾಡುತ್ತಾನೆ, ಹೆಂಡತಿ ಅಳೆಯುತ್ತಾಳೆ, ಒಳ್ಳೆ ಜೋಡಿ ಎಂದು ಕಾಲನಿಯವರು ಛೇಡಿಸುತ್ತಿದ್ದರು. ಅವಳನ್ನು ಕರೆಯುತ್ತಿದ್ದದ್ದೂ ಗಾಳಿ ಮೇಡಂ ಎಂದೇ.

ಅವಳ ಕೆಲಸದ ಕೋಣೆ ಕಾಂಪೌಂಡಿನ ಈ ತುದಿಗೆ, ಎಂಟಡಿಗೆ ಎಂಟಡಿ. ಅದರಲ್ಲಿ ಒಂದು ಯಂತ್ರ, ಒಂದು ಕುರ್ಚಿ. ಹೊರಗಿನ ಬಿಸಿಲು ಸೆಕೆ ತಾಗಿದರೆ ಯಂತ್ರಕ್ಕೆ ಆಗುವುದಿಲ್ಲವೆಂದು ಬಾಗಿಲು ಸದಾ ಮುಚ್ಚಿರಬೇಕು. ಗೋಡೆಯಲ್ಲಿ ಅಂಗೈಯಗಲದ ಒಂದು ಕಂಡಿ. ಅದಕ್ಕೆ ಗಾಜಿಲ್ಲ, ಏಕೆಂದರೆ ಯಂತ್ರಕ್ಕೆ ಬೇಕಾದ ಬೆಳಕನ್ನು ಮಾಮೂಲಿ ಗಾಜು ನುಂಗಿಬಿಡುತ್ತದಂತೆ. ಅದು ನಮ್ಮ ಕಣ್ಣಿಗೆ ಕಾಣದ, ನೇರಳೆಯಿಂದಾಚೆಯ ಬೆಳಕು. ಯಂತ್ರದ ದೀಪದಿಂದ ಹೊರಟು, ಕಂಡಿಯಿಂದ ಹಾಯ್ದು, ನಮ್ಮೆಲ್ಲರ ಹಿತ್ತಲ ಮೇಲೆ ಇನ್ನೂರೈವತ್ತು ಮೀಟರು ಹೋಗಿ, ಆ ತುದಿಯ ಕಂಬದ ಕನ್ನಡಿಗೆ ಬಡಿದು ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ದಾರಿಯಲ್ಲಿ ಥಿನ್ನರಿನಿಂದ ಎದ್ದ ಬೆಂಜೀನ್ ಆವಿ ಇದ್ದರೆ ಅದು ಆ ಬೆಳಕಿನಲ್ಲಿ ತನಗೆ ಬೇಕಾದ ಕಡೆ ಮಾತ್ರ ಕಚ್ಚುತ್ತದೆ, ಅದರ ಜೊತೆಗೇ ಏಳುವ ಟೊಲ್ಯೂಯಿನ್ ಆವಿ ಇದ್ದರೆ ಇನ್ನೊಂದು ಕಡೆ. ವಾಪಸ್ ಬಂದ ಬೆಳಕನ್ನು ಬಿಡಿಸಿ ನೋಡಿದರೆ ಹಲ್ಲು ಮುರಿದ ಬಾಚಣಿಗೆಯ ಹಾಗೆ ಕಾಣುತ್ತದೆ. ಯಾವ ಹಲ್ಲು, ಎಷ್ಟು ಮುರಿದಿದೆ ಎಂದು ನೋಡಿ ಯಾವ ಆವಿ, ಎಷ್ಟು ಎಂದು ಹೇಳುತ್ತಾರೆ. ಕೆಟ್ಟದ್ದು ಬೆಂಜೀನ್, ವರ್ಷಗಟ್ಟಲೆ ಉಸಿರಾಡಿದರೆ ರಕ್ತವನ್ನೇ ಕೆಡಿಸುವಂಥದು. ಒಂದು ಘನ ಮೀಟರು ಗಾಳಿಯಲ್ಲಿ ಸರಾಸರಿ ಐದು ಮೈಕ್ರೋಗ್ರಾಮಿನೊಳಗೆ ಇದ್ದರೆ ಸರಿ ಎಂದು ಇಲಾಖೆಯ ಲೆಕ್ಕ.

ದಿನಾ ಬೆಳಗ್ಗೆ ಅತ್ತಿಗೆ ಕಾಲನಿಯ ಗೇಟಿನ ಹಲಗೆಯ ಮೇಲೆ ಹಿಂದಿನ ದಿನದ ಅಂಕಿ ಬರೆಯುತ್ತಿದ್ದಳು. ಮೂರು, ನಾಲ್ಕು, ಮೂರೂವರೆ. ಹದಿನಾಲ್ಕು ವರ್ಷ ಹೀಗೇ. ಯಾರಿಗಾದರೂ ಕೆಮ್ಮು ಬಂದರೆ, ತಲೆ ಸುತ್ತಿದರೆ, ಮೊದಲು ಅವಳನ್ನು ಕೇಳುತ್ತಿದ್ದರು. ಗಾಳಿದೇನೂ ಅಲ್ಲ ಬಿಡಿ, ಡಾಕ್ಟರ ಹತ್ತಿರ ತೋರಿಸಿ ಎನ್ನುತ್ತಿದ್ದಳು. ಎದುರು ಮನೆಯವಳು ಮೊದಲ ಬಸುರಿಯಲ್ಲಿ ಸಂಜೆ ಹೊತ್ತು ಕಾಂಪೌಂಡಿನ ಪಕ್ಕ ನಡೆದಾಡಬಹುದಾ ಎಂದು ಕೇಳಿದಾಗ, ಧಾರಾಳವಾಗಿ ನಡಿ ಅಂದವಳೂ ಇವಳೇ.

ಇನ್ನು ಸೊನ್ನೆಯ ವಿಷಯ. ಕಿರಾಣಿ ಅಂಗಡಿಯವನು ಎಣ್ಣೆ ಅಳೆಯುವ ಮುಂಚೆ ಖಾಲಿ ಡಬ್ಬಿಯನ್ನು ತೂಗಿಟ್ಟುಕೊಳ್ಳುತ್ತಾನಲ್ಲ, ಈ ಯಂತ್ರಕ್ಕೂ ಹಾಗೆ. ಶುದ್ಧ ಗಾಳಿಯಲ್ಲಿ ಬೆಳಕು ಹೇಗೆ ವಾಪಸ್ ಬರುತ್ತದೆ ಎಂದು ಒಮ್ಮೆ ಹಿಡಿದಿಟ್ಟುಕೊಳ್ಳಬೇಕು. ಆಮೇಲೆ ದಿನದಿನದ ಬೆಳಕಿನಿಂದ ಅದನ್ನು ಕಳೆಯುತ್ತಾ ಹೋಗಬೇಕು. ಇದಕ್ಕೆ ಅವರು ಸೊನ್ನೆ ಹಿಡಿಯುವುದು ಎನ್ನುತ್ತಾರೆ. ಅತ್ತಿಗೆ ಕೆಲಸಕ್ಕೆ ಸೇರಿದ ಮೊದಲ ವರ್ಷ, ಕಾರ್ಖಾನೆಯ ಶಟ್‌ಡೌನ್ ವಾರದಲ್ಲಿ ಸೊನ್ನೆ ಹಿಡಿದಳು. ವರ್ಷಕ್ಕೊಮ್ಮೆ ಆ ವಾರ ಎಲ್ಲ ಯಂತ್ರ ನಿಲ್ಲಿಸಿ ರಿಪೇರಿ ಮಾಡುತ್ತಾರೆ. ಚಿಮಣಿಯಲ್ಲಿ ಹೊಗೆಯಿಲ್ಲ, ಸದ್ದಿಲ್ಲ. ಇದಕ್ಕಿಂತ ಶುದ್ಧ ದಿನ ಎಲ್ಲಿ ಸಿಗುತ್ತದೆ ಎಂದುಕೊಂಡಳು, ಇಲಾಖೆಯ ಸಾಹೇಬರೂ ಭೇಷ್ ಎಂದರು. ಮುಂದಿನ ವರ್ಷಗಳಲ್ಲಿ ಅದೇ ವಾರ ಇಲಾಖೆಯವರು ಯಂತ್ರ ಬಿಚ್ಚಿ ಸರ್ವಿಸ್ ಮಾಡತೊಡಗಿದರು. ಹೇಗೂ ಕಾರ್ಖಾನೆ ನಿಂತಿದೆ, ಅಳೆಯುವುದೇನಿದೆ ಎಂಬ ಲೆಕ್ಕ.

ಹದಿನಾಲ್ಕು ವರ್ಷ ಕಳೆದ ಮೇಲಿನ ಶಟ್‌ಡೌನಿನಲ್ಲಿ ಒಂದು ಮಧ್ಯಾಹ್ನ ಅಣ್ಣ ಊಟಕ್ಕೆ ಬಂದು, ತಟ್ಟೆಯ ಮುಂದೆ ತಲೆ ಹಿಡಿದುಕೊಂಡು ಕುಳಿತ. ಪ್ರತಿ ವರ್ಷವೂ ಆ ವಾರ ಅವನಿಗೆ ತಲೆನೋವು. ಬಿಸಿಲು ಎಂದು ನಾವು ತಿಳಿದಿದ್ದೆವು.

"ಈ ವಾರ ಮುಗಿದರೆ ಸಾಕಪ್ಪ," ಎಂದ. "ಆರಕ್ಕೆ ಆರೂ ಮುಚ್ಚಳ ತೆಗೆದು ಟ್ಯಾಂಕ್ ಆರೋಕೆ ಬಿಟ್ಟಿದ್ದೀವಿ. ಆ ವಾಸನೆಗೆ ತಲೆ ಸಿಡೀತಿದೆ."

ಅತ್ತಿಗೆಯ ಕೈ ತುತ್ತಿನ ಸಮೇತ ನಿಂತಿತು. "ಶಟ್‌ಡೌನಲ್ಲಿ ಮುಚ್ಚಳ ತೆಗೀತೀರಾ?"

"ಮತ್ತೆ ಯಾವಾಗ ತೆಗೀತಾರೆ? ತುಂಬಿರೋವಾಗ ತೊಳೆಯೋಕಾಗುತ್ತಾ?"

"ಮೊದಲಿಂದಲೂ?"

"ನಾನು ಸೇರಿದಾಗಿಂದ. ಯಾಕೆ?"

ಅವಳು ಎದ್ದು ಕೈ ತೊಳೆದಳು. ಸರ್ವಿಸ್‌ನವರು ಯಂತ್ರ ಬಿಚ್ಚಿ ಹರಡಿಕೊಂಡಿದ್ದ ಕೋಣೆಗೆ ಹೋಗಿ, ಹದಿನಾಲ್ಕು ವರ್ಷದ ಹಿಂದೆ ಹಿಡಿದಿಟ್ಟ ಸೊನ್ನೆಯನ್ನು ಕಂಪ್ಯೂಟರಿನಲ್ಲಿ ತೆಗೆದು ನೋಡಿದಳು. ಶುದ್ಧ ಎಂದುಕೊಂಡಿದ್ದ ಆ ಬೆಳಕಿನಲ್ಲಿ ಬೆಂಜೀನಿನ ಕಚ್ಚು ಇತ್ತು. ಗೊತ್ತಿದ್ದು ನೋಡಿದರೆ ಯಾರಿಗಾದರೂ ಕಾಣುವಷ್ಟು ಇತ್ತು. ಸಂಜೆ ಬಂದವಳು ನನ್ನ ಮೆಷಿನ್ನಿನ ಪಕ್ಕ ನೆಲದ ಮೇಲೆ ಕುಳಿತು ಹೇಳಿದಳು.

"ಖಾಲಿ ಡಬ್ಬಿ ಅಂತ ತೂಗಿದ್ದು ಖಾಲಿ ಇರಲಿಲ್ಲ ಕಣೇ. ಅದರಲ್ಲಿ ಒಂಬತ್ತು ಇತ್ತು. ದಿನಾ ಒಂಬತ್ತು ಕಳೆದು ಬರೆದಿದ್ದೀನಿ."

ಆಗೊಮ್ಮೆ ಈಗೊಮ್ಮೆ, ಕಾರ್ಖಾನೆಗೆ ಎದುರು ದಿಕ್ಕಿನ ಬಯಲ ಕಡೆಯಿಂದ ಗಾಳಿ ಬೀಸಿದಾಗ, ಅರ್ಧ ಗಂಟೆ ಮುಕ್ಕಾಲು ಗಂಟೆ, ಯಂತ್ರ ಸೊನ್ನೆಗಿಂತಲೂ ಕೆಳಗೆ ತೋರಿಸುತ್ತಿತ್ತಂತೆ. ಮೈನಸ್ ಏಳು, ಮೈನಸ್ ಎಂಟು. ಇಲ್ಲದ್ದಕ್ಕಿಂತ ಕಡಿಮೆ ಇರುವುದು ಹೇಗೆ ಎಂದು ಯಾರೂ ಯೋಚಿಸಲಿಲ್ಲ. ಅಂಥದ್ದನ್ನು ಸೊನ್ನೆ ಎಂದು ಬರೆಯಿರಿ ಎಂದು ಇಲಾಖೆಯ ನಿಯಮವೇ ಇತ್ತು, ಇವಳು ಬರೆದಳು. ಯಂತ್ರ ನಿಜ ಹೇಳಿದಾಗಲೆಲ್ಲ ತಾನೇ ಅದರ ಬಾಯಿ ಮುಚ್ಚಿಸಿದೆ ಎಂದು ಅತ್ತಳು. ಹಲಗೆಯ ಮೇಲಿನ ನಾಲ್ಕು ನಿಜಕ್ಕೂ ಹದಿಮೂರು. ಹದಿನಾಲ್ಕು ವರ್ಷ, ಅರವತ್ತು ಮನೆ.

ಇಲ್ಲಿ ನನ್ನ ಪಾತ್ರ ಬರುತ್ತದೆ, ಮುಚ್ಚಿಡುವುದಿಲ್ಲ. "ಸುಮ್ಮನಿರು" ಎಂದವಳು ನಾನು.

"ಯಾರಿಗೆ ಗೊತ್ತಾಗಬೇಕು? ಹೇಳಿದರೆ ಕಾರ್ಖಾನೆ ಅಣ್ಣನನ್ನ ಬಿಡುತ್ತಾ? ಮನೆ ಖಾಲಿ ಮಾಡಿ ಅಂದರೆ ಎಲ್ಲಿಗೆ ಹೋಗೋದು? ಎದುರು ಮನೆ ಮಗು ನೋಡು, ಗುಂಡುಕಲ್ಲಿನ ಹಾಗಿದೆ. ಏನಾಗಿದೆ ಯಾರಿಗೆ?"

"ಏನೂ ಆಗಿಲ್ಲ ಅನ್ನೋದು ನನ್ನ ಪುಣ್ಯ ಅಷ್ಟೇ," ಎಂದಳು. "ಅದು ನನ್ನ ಲೆಕ್ಕ ಸರಿ ಅಂತಲ್ಲ."

ಮರುದಿನವೇ ಇಲಾಖೆಗೆ ಹೋದಳು. ದೊಡ್ಡ ಸಾಹೇಬರು ಕೆಟ್ಟವರೇನಲ್ಲ. ಕೂರಿಸಿ, ಚಹಾ ತರಿಸಿ, ಎಲ್ಲ ಕೇಳಿದರು. ಸೊನ್ನೆಯಲ್ಲಿ ಕಾಣುವ ಆ ಕಚ್ಚು ಆಮ್ಲಜನಕದ್ದೂ ಇರಬಹುದಲ್ಲ, ಅದೂ ಅದೇ ಜಾಗದ ಹತ್ತಿರ ಕಚ್ಚುತ್ತದಲ್ಲ ಎಂದರು. ಅಲ್ಲ ಎಂದು ಇವಳು ಎರಡು ಗಂಟೆ ವಾದಿಸಿದಳು. ಕೊನೆಗೆ ಅವರು ಹೇಳಿದ ಮಾತನ್ನು ಅವಳು ಮನೆಗೆ ಬಂದು ನಮಗೆ ಅಭಿನಯಿಸಿಯೇ ತೋರಿಸಿದಳು.

"ನೋಡಿ ಅಮ್ಮ, ಹಳೇ ಸೊನ್ನೆ ತಪ್ಪು ಅನ್ನೋಕೆ ಹೊಸ ಸೊನ್ನೆ ಬೇಕು. ಹೊಸ ಸೊನ್ನೆ ಹಿಡಿಯೋಕೆ ಒಂದಿಡೀ ದಿನ ಗಾಳಿ ಶುದ್ಧ ಇರಬೇಕು. ಶುದ್ಧ ಇದೆ ಅಂತ ಯಾವುದರಲ್ಲಿ ನೋಡ್ತೀರಿ?"

"ಯಂತ್ರದಲ್ಲಿ ಸರ್."

"ಆ ಯಂತ್ರದ ಸೊನ್ನೆ ಯಾವುದು?"

"ಹಳೇದು ಸರ್."

"ಹಾಗಾದರೆ?"

ಯಂತ್ರವನ್ನು ಬೇರೆ ಊರಿಗೆ ಒಯ್ದು ಸೊನ್ನೆ ಹಿಡಿಯುತ್ತೇನೆ ಎಂದರೆ, ದಾರಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ, ಅದೇ ಜಾಗದಲ್ಲೇ ಹಿಡಿಯಬೇಕು ಎಂದರು. ಒಂದು ವಾರದಲ್ಲಿ ಲಿಖಿತ ಆದೇಶ ಬಂತು. ಹೊಸ ಸೊನ್ನೆ ಸಿಗುವವರೆಗೆ ಹಳೆಯದೇ ಮುಂದುವರಿಯಬೇಕು. ಹಲಗೆಯ ಮೇಲೆ ಯಂತ್ರದ ಅಂಕಿ ಬಿಟ್ಟು ಬೇರೇನೂ ಬರೆಯಕೂಡದು. ಸಾಬೀತಾಗದ ವಿಷಯವನ್ನು ಸಿಬ್ಬಂದಿ ಸಾರ್ವಜನಿಕರಿಗೆ ಹೇಳಕೂಡದು.

ಆ ವರ್ಷ ಅವಳು ಬದುಕಿದ್ದನ್ನು ಬದುಕು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಬೆಳಗ್ಗೆ ಎದ್ದು ಸುಳ್ಳೆಂದು ಗೊತ್ತಿರುವ ಅಂಕಿ ಬರೆಯಬೇಕು. ಆಮೇಲೆ ಆ ಎಂಟಡಿ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಶುದ್ಧ ಗಾಳಿಗೆ ಕಾಯಬೇಕು. ಅದು ಬರುತ್ತಿತ್ತು, ಅರ್ಧ ಗಂಟೆ ಇದ್ದು ಹೋಗುತ್ತಿತ್ತು. ಇಡೀ ದಿನ ಬೇಕೆಂದರೆ ಎಲ್ಲಿಂದ ತರುವುದು? ಕಾರ್ಖಾನೆ ನಡೆಯುವಾಗ ಪೈಪು, ವಾಲ್ವು, ಲಾರಿ ತುಂಬಿಸುವ ಜಾಗ, ಎಲ್ಲ ಕಡೆಯಿಂದ ಆವಿ. ಕಾರ್ಖಾನೆ ನಿಂತರೆ ಮುಚ್ಚಳ ತೆರೆದ ಟ್ಯಾಂಕು. ಅವಳು ಯಾವ ಕಡೆ ತಿರುಗಿದರೂ ಗೋಡೆಯೇ. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಕೇಳಿಸದವಳ ಹಾಗೆ ಸರಿದುಹೋಗುತ್ತಿದ್ದಳು. ಗಾಳಿ ಮೇಡಂಗೆ ತಲೆ ತಿರುಗಿದೆ ಎಂದರು ಕಾಲನಿಯವರು. ಎದುರು ಮನೆಯವಳು ಎರಡನೇ ಸಲ ಬಸುರಿಯಾದಾಗ ಇವಳು ತಾನಾಗಿಯೇ ಹೋಗಿ, "ಈ ಸಲ ಕಾಂಪೌಂಡಿನ ಕಡೆ ಬೇಡ, ಮಾರ್ಕೆಟ್ ರಸ್ತೆ ಕಡೆ ನಡಿ, ನೆರಳಿದೆ" ಎಂದು ಬಂದಳು. ಅಷ್ಟು ಹೇಳಿದ್ದಕ್ಕೇ ಆದೇಶ ಮೀರಿದೆನೇನೋ ಎಂದು ಎರಡು ದಿನ ಹೆದರಿದ್ದಳು.

ಅಣ್ಣ ಈ ವಿಷಯದಲ್ಲಿ ತುಟಿ ಬಿಚ್ಚಲಿಲ್ಲ. ಕಾರ್ಖಾನೆಯ ಅನ್ನ ತಿನ್ನುವವನು ಏನು ಹೇಳಿಯಾನು ಎಂದು ನಾನೂ ಕೆದಕಲಿಲ್ಲ. ಅತ್ತಿಗೆಯೂ ಅವನನ್ನು ಏನೂ ಕೇಳಲಿಲ್ಲ. ಕೇಳಿದರೆ ಅವನು ಇಲ್ಲ ಅನ್ನಲಾರ, ಹೂಂ ಅಂದರೆ ಮನೆ ಹೋಗುತ್ತದೆ, ಅದಕ್ಕೇ ಕೇಳುವುದಿಲ್ಲ ಎಂದು ಒಮ್ಮೆ ನನ್ನ ಹತ್ತಿರ ಅಂದಿದ್ದಳು.

ಮುಂದಿನ ಶಟ್‌ಡೌನ್ ಶುರುವಾಗಿ, ಎರಡು ದಿನ ಟ್ಯಾಂಕು ಬಸಿದಾದ ಮೇಲೆ ಮೂರನೇ ಬೆಳಗ್ಗೆ, ಮುಚ್ಚಳ ತೆಗೆಯುವ ದಿನ, ಅಣ್ಣ ಹೊಸ್ತಿಲಲ್ಲಿ ಬೂಟು ಕಟ್ಟುತ್ತಾ, ತಲೆ ಎತ್ತದೆ ಹೇಳಿದ.

"ಗಾಳಿ ಬಯಲ ಕಡೆಯಿಂದ ಇದೆ."

"ಗೊತ್ತು," ಎಂದಳು ಅತ್ತಿಗೆ. "ಆದರೆ ನೀವು ಇವತ್ತು ಮುಚ್ಚಳ ತೆಗೀತೀರಲ್ಲ."

"ಬೋಲ್ಟು ತುಕ್ಕು ಹಿಡಿದಿದೆ, ಒಂದು ದಿನ ಎಣ್ಣೆ ಕುಡೀಲಿ ಅಂತ ಮೇಸ್ತ್ರಿಗೆ ಹೇಳ್ತೀನಿ. ನಾಳೆ ಬೆಳಗ್ಗೆ ತೆಗೀತೀನಿ. ನಿನಗೆ ಅಷ್ಟು ಹೊತ್ತು ಸಾಕಾ?"

ಅವಳು ಚಪ್ಪಲಿ ಹುಡುಕಿದಳು. ಒಂದು ಕಾಲಿಗೆ ನನ್ನದು, ಇನ್ನೊಂದಕ್ಕೆ ತನ್ನದು ಹಾಕಿಕೊಂಡು ಓಡಿದಳು. ಸರ್ವಿಸ್‌ಗೆ ಬಂದವರನ್ನು ಕೈಮುಗಿದು ಒಂದು ದಿನ ತಡೆದಳು. ಮರುದಿನ ಬೆಳಗ್ಗೆ ವಾಪಸ್ ಬಂದಾಗ ಕಣ್ಣು ಕೆಂಡದ ಹಾಗಿತ್ತು, ಮುಖ ಮಾತ್ರ ಹಗುರವಾಗಿತ್ತು. ಇಡೀ ದಿನ, ಒಂದೇ ಸಮನೆ, ಹಳೆಯ ಸೊನ್ನೆಯ ಲೆಕ್ಕದಲ್ಲಿ ಮೈನಸ್ ಒಂಬತ್ತು.

"ಸಿಕ್ಕಿತು ಕಣೇ," ಎಂದಳು.

ನಾನು ಪೆದ್ದಿ, ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಸಾಹೇಬರು ಹೊಸ ಸೊನ್ನೆ ನೋಡಿ ತಲೆದೂಗಿದರಂತೆ. ಆದರೆ ನಾಳೆ ಕಾರ್ಖಾನೆಯವರು ಬಂದು, ಶಟ್‌ಡೌನಿನಲ್ಲಿ ನಮ್ಮ ಮುಚ್ಚಳ ತೆರೆದೇ ಇರುತ್ತವೆ, ಈ ದಿನ ಶುದ್ಧ ಅಂತ ಯಾರು ಹೇಳಿದರು ಎಂದರೆ? ಆರೂ ಮುಚ್ಚಳ ಮುಚ್ಚಿದ್ದವು ಎಂದು ಅದರ ಜವಾಬ್ದಾರಿ ಹೊತ್ತವನೇ ಬರೆದು ಸಹಿ ಹಾಕಿದ ಹೇಳಿಕೆ ಬೇಕು ಎಂದರು. ಒಂದು ಖಾಲಿ ಫಾರಂ ಕೊಟ್ಟು ಕಳಿಸಿದರು.

ಆ ಫಾರಂ ಮನೆಗೆ ಬಂದದ್ದು ನಮಗೆ ಗೊತ್ತಾಗಲಿಲ್ಲ. ನಾಲ್ಕು ದಿನದ ಮೇಲೆ ಇಸ್ತ್ರಿ ಮಾಡಿದ ಬಟ್ಟೆ ಇಡಲು ಹೋದಾಗ ಅವಳ ಸೀರೆಗಳ ಕೆಳಗೆ ನನಗೆ ಸಿಕ್ಕಿತು. ಓದಿದೆ. ಅದಕ್ಕೆ ಅಣ್ಣ ಸಹಿ ಹಾಕಿದರೆ, ಮೇಸ್ತ್ರಿಗೆ ಸುಳ್ಳು ಹೇಳಿದ್ದನ್ನೂ ಕೆಲಸ ತಡೆದಿದ್ದನ್ನೂ ತಾನೇ ಒಪ್ಪಿಕೊಂಡ ಹಾಗೆ. ಅವಳು ಕೇಳುವುದಿಲ್ಲ, ಅವನಿಗೆ ಗೊತ್ತಾಗುವುದಿಲ್ಲ, ಹೊಸ ಸೊನ್ನೆ ಕಡತದಲ್ಲೇ ಕೊಳೆಯುತ್ತದೆ. ನಮ್ಮ ಮನೆ ಉಳಿಯುತ್ತದೆ. ನಾನು ಅದನ್ನು ಇದ್ದ ಜಾಗದಲ್ಲೇ ಇಟ್ಟು, ಸೀರೆಗಳನ್ನು ಮೊದಲಿನ ಹಾಗೇ ಜೋಡಿಸಿದೆ. ನನಗೆ ಸಮಾಧಾನವೇ ಆಯಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಮಾರನೇ ಸಂಜೆ ಹಿತ್ತಲ ಬಾಗಿಲಲ್ಲಿ ಕುಳಿತು ಎದುರು ಮನೆಯವಳು ಕೊಟ್ಟಿದ್ದ ಬಟ್ಟೆಗೆ ಅಂಚು ಹೊಲಿಯುತ್ತಿದ್ದೆ. ಹುಟ್ಟಲಿರುವ ಮಗುವಿಗೆ ಎರಡು ಪುಟ್ಟ ಅಂಗಿ. ತಲೆ ಎತ್ತಿದರೆ ಅವಳೇ ಕಾಂಪೌಂಡಿನ ಪಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಧಾನಕ್ಕೆ ನಡೆಯುತ್ತಿದ್ದಾಳೆ.

"ಮಾರ್ಕೆಟ್ ಕಡೆ ಹೋಗಲಿಲ್ವಾ?" ಎಂದೆ.

"ಅಲ್ಲಿ ಗಾಡಿಗಳ ಕಾಟ ಅಕ್ಕ. ಇಲ್ಲೇನು, ಗೇಟಲ್ಲಿ ಮೂರು ಅಂತ ಬರೆದಿದೆಯಲ್ಲ," ಎಂದು ನಕ್ಕು ಮುಂದೆ ಹೋದಳು.

ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟೆ. ಒಳಗೆ ಹೋಗಿ ಸೀರೆಗಳ ಕೆಳಗಿನಿಂದ ಫಾರಂ ತೆಗೆದು ಅಣ್ಣನ ಮುಂದೆ ಇಟ್ಟೆ. ಅವನು ಎರಡು ಸಲ ಓದಿದ. ಅಷ್ಟರಲ್ಲಿ ಅತ್ತಿಗೆ ಬಂದಳು, ಮೇಜಿನ ಮೇಲಿನ ಕಾಗದ ನೋಡಿ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು.

"ನಾನು ನಿಮ್ಮನ್ನ ಕೇಳಿಲ್ಲ," ಎಂದಳು ಅಣ್ಣನಿಗೆ. "ಕೇಳೋದೂ ಇಲ್ಲ."

"ನೀನು ಕೇಳಬೇಡ," ಎಂದ ಅಣ್ಣ. "ಹದಿನೈದು ವರ್ಷದಿಂದ ಆ ಮುಚ್ಚಳ ತೆಗೀತಿರೋದು ನಾನು. ನಿನ್ನ ಸೊನ್ನೆ ಕೆಡಿಸಿದ್ದೂ ನಾನೇ ತಾನೇ." ಆಮೇಲೆ ನನ್ನ ಕಡೆ ತಿರುಗಿ, "ನನ್ನ ಅಕ್ಷರ ಕೋಳಿ ಕೆದರಿದ ಹಾಗಿರುತ್ತೆ. ನೀನು ಬರಿ, ನಾನು ಹೇಳ್ತೀನಿ" ಎಂದ.

ಬರೆದೆ. ಇಂಥ ದಿನ ಬೆಳಗ್ಗೆಯಿಂದ ಮರುದಿನ ಬೆಳಗ್ಗೆವರೆಗೆ ಆರೂ ಟ್ಯಾಂಕಿನ ಮುಚ್ಚಳ ಮುಚ್ಚಿದ್ದವು. ಬೋಲ್ಟು ತುಕ್ಕು ಹಿಡಿದಿರಲಿಲ್ಲ. ನಾನೇ ಬೇಕೆಂದು ಮುಚ್ಚಿಟ್ಟಿದ್ದೆ. ಉಳಿದ ಮೂವರು ನನ್ನ ಮಾತು ಕೇಳಿದರು ಅಷ್ಟೆ, ತಪ್ಪು ಅವರದಲ್ಲ. ಸುಮ್ಮನಿರು ಎಂದು ಒಂದು ವರ್ಷದ ಹಿಂದೆ ಹೇಳಿದ ನಾನೇ ನನ್ನ ಕೈಯಾರೆ ನಮ್ಮ ಮನೆಯನ್ನು ಬರೆದುಕೊಟ್ಟೆ. ಭಯಕ್ಕೆ ಎರಡು ಕಡೆ ಅಕ್ಷರ ಕೂಡ ತಪ್ಪಿತು. ಅಣ್ಣ ಸಹಿ ಹಾಕಿದ. ಅತ್ತಿಗೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮುಂದಿನ ತಿಂಗಳು ಗೇಟಿನ ಹಲಗೆಯ ಮೇಲೆ ಹದಿಮೂರು ಎಂದು ಬಿತ್ತು, ಅದರ ಕೆಳಗೆ ಹಳೆಯ ಅಂಕಿಗಳಿಗೆಲ್ಲ ಒಂಬತ್ತು ಕೂಡಿಸಿಕೊಳ್ಳಿ ಎಂದು ಇಲಾಖೆಯ ನೋಟೀಸು. ಕೆಲವರು ಅತ್ತಿಗೆಗೆ ಬಾಯಿಗೆ ಬಂದ ಹಾಗೆ ಬೈದರು, ಹದಿನೈದು ವರ್ಷ ನಿದ್ದೆ ಮಾಡುತ್ತಿದ್ದೆಯಾ ಎಂದರು. ಅವಳು ನಿಂತು ಕೇಳಿಸಿಕೊಂಡಳು. ಎದುರು ಮನೆಯವಳು ದೊಡ್ಡ ಮಗುವನ್ನು ಎತ್ತಿಕೊಂಡು ತವರಿಗೆ ಹೋದಳು, ಅಂಗಿಗಳನ್ನೂ ಒಯ್ಯಲಿಲ್ಲ. ಎಂಟು ಮನೆ ಖಾಲಿಯಾದವು. ಉಳಿದವರಿಗೆ ಹೋಗಲು ಜಾಗವಿರಲಿಲ್ಲ. ಟ್ಯಾಂಕಿನ ಆವಿ ಹಿಡಿಯುವ ವ್ಯವಸ್ಥೆ ಮಾಡುತ್ತೇವೆ ಎಂದು ಕಾರ್ಖಾನೆ ಬರೆದುಕೊಟ್ಟಿದೆ. ಅದು ಆಗುವವರೆಗೆ ಅಲ್ಲಿಂದ ಏಳುವುದಿಲ್ಲ, ತಾನು ಬಿಟ್ಟರೆ ಮುಂದೆ ಬರುವವನು ಯಾವ ಸೊನ್ನೆ ಹಿಡಿಯುತ್ತಾನೋ ಎಂದು ಅತ್ತಿಗೆ ಈಗಲೂ ದಿನಾ ಎರಡು ಬಸ್ಸು ಬದಲಿಸಿ ಅದೇ ಕೋಣೆಗೆ ಹೋಗುತ್ತಾಳೆ.

ಅಣ್ಣನನ್ನು ನೋಟೀಸು ಬಿದ್ದ ವಾರವೇ ತೆಗೆದರು. ತಿಂಗಳ ಕೊನೆಗೆ ಮನೆ ಬಿಡಬೇಕಿತ್ತು. ಹುಡುಕಿ ಹುಡುಕಿ ಸಿಕ್ಕಿದ್ದು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲೆ ಎರಡು ಕೋಣೆ. ಕೆಳಗೆ ಸ್ಕೂಟರ್ ರಿಪೇರಿ ಅಂಗಡಿ, ಎದುರಿಗೆ ಪೆಟ್ರೋಲ್ ಬಂಕು. ಸಾಮಾನು ಏರಿಸಿ ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಬಂಕಿನ ಮುಂದೆ ಗಾಡಿಗಳ ಸಾಲು, ಮೆಟ್ಟಿಲ ತುಂಬ ಪೆಟ್ರೋಲಿನ ವಾಸನೆ. ಪೆಟ್ರೋಲಿನಲ್ಲೂ ಅದೇ ಬೆಂಜೀನ್ ಇರುತ್ತದೆ ಎಂದು ಅವಳೇ ಎಂದೋ ಹೇಳಿದ್ದಳು.

"ಇಲ್ಲಿ ಎಷ್ಟಿರಬಹುದು ಅತ್ತಿಗೆ?" ಎಂದು ಕೇಳಿದೆ.

ಅವಳು ಬಂಕಿನ ಕಡೆ ನೋಡಿದಳು.

"ಗೊತ್ತಿಲ್ಲ ಕಣೇ. ಇಲ್ಲಿ ಯಾರೂ ಅಳೆಯಲ್ಲ."

ಅಣ್ಣ ಕಿಟಕಿಯ ಚಿಲಕದ ಮೇಲೆ ಕೈಯಿಟ್ಟುಕೊಂಡು, ತೆಗೆಯಲೋ ಬೇಡವೋ ಎಂದು ನಮ್ಮಿಬ್ಬರ ಮುಖ ನೋಡುತ್ತಿದ್ದ. ಅತ್ತಿಗೆ ಪಾತ್ರೆಯ ಗಂಟು ಬಿಚ್ಚತೊಡಗಿದಳು. ಸೆಕೆ ತಡೆಯಲಾಗದೆ ಕೊನೆಗೆ ನಾನೇ ತೆಗಿ ಎಂದೆ.